ಸಾವಿನ ಮನೆಯ ಖರ್ಚು

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರೇ ಅನ್ನ, ಸಾರು ತಂದಿಡುತ್ತಾರೆ. ಆದರೆ ಚಟ್ಟದ ಬಿದಿರು, ಸೌದೆ, ಶವ ಸಾಗಿಸುವ ಗಾಡಿ, ಆಮೇಲೆ ತಿಥಿ, ಇವಕ್ಕೆಲ್ಲ ಕೈಯಲ್ಲಿ ಕಾಸು ಬೇಕು. ಒಂದೇ ವರ್ಷದಲ್ಲಿ ಅಪ್ಪನನ್ನೂ ಅಣ್ಣನನ್ನೂ ಕಳೆದುಕೊಂಡ ಮನೆಯಲ್ಲಿ ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ಹೆಂಗಸರ ಕಿವಿಯೋಲೆ ಸದ್ದಿಲ್ಲದೆ ಅಡವಿಗೆ ಹೋಗುತ್ತದೆ. ಮದುವೆಗೆ ಸಾಲ ಕೇಳಲು ನಾಚದ ನಾವು, ಮಣ್ಣು ಮಾಡಲು ನೆರವು ಕೇಳುವಾಗ ಮಾತ್ರ ತಲೆ ತಗ್ಗಿಸುತ್ತೇವೆ. ನನಗಂತೂ ಇದು ವಿಚಿತ್ರ.

ಕೆಲವು ಕಡೆ ಕೇಳುವುದು ಹಕ್ಕೇ. ತೀರಿಕೊಂಡವರು ಈಎಸ್‌ಐ ವಿಮೆಯಲ್ಲಿದ್ದ ಕಾರ್ಮಿಕರಾದರೆ ಅಂತ್ಯಕ್ರಿಯೆಯ ಖರ್ಚಿಗೆ 15,000 ರೂಪಾಯಿವರೆಗೆ ಸಿಗುತ್ತದೆ. ಮೊದಲು 10,000 ಇತ್ತು, 2019ರಲ್ಲಿ ಏರಿತು. ಮನೆಯವರೇ ಇಲ್ಲದಿದ್ದರೆ, ಮುಂದೆ ನಿಂತು ಖರ್ಚು ಮಾಡಿದ ನೆರೆಯವನೂ ಅದನ್ನು ಪಡೆಯಬಹುದು. ಕಾನೂನು ಬರೆದವರಿಗೆ ನಮ್ಮ ಕೇರಿಗಳ ಪರಿಚಯ ಇತ್ತೇನೋ! ಅರ್ಜಿಗೆ ಮೂರು ತಿಂಗಳ ಗಡುವಿದೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮನೆಗೆ ಕಲ್ಯಾಣ ಮಂಡಳಿಯ ನೆರವುಂಟು.

ಇದಕ್ಕೆಲ್ಲ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ದುಃಖದಲ್ಲಿರುವವರಿಗೆ ಇದೆಲ್ಲ ಎಲ್ಲಿ ನೆನಪಾಗಬೇಕು? ಮಾತನಾಡಿಸಿ ಬರಲು ಹೋದ ನೀವೇ ಒಂದು ಅರ್ಜಿ ತುಂಬಿಕೊಟ್ಟು ಬನ್ನಿ.