ಹೊಗಳಿಕೆ ಸಾಕು, ದಾರಿ ಬರೆಯಿರಿ!



ನಾನು ಸಾಹಿತಿಯಲ್ಲ. ಪಿಯುಸಿ ಓದಿ ಮುದ್ರಣಾಲಯ ನಡೆಸುತ್ತಿರುವವನು. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಇವೇ ನನ್ನ ಗ್ರಂಥಗಳು. ಆ ಅನುಭವದ ಮೇಲೆ ನಿಮಗೊಂದು ಕೆಲಸ ಹೇಳಲು ನಿಂತಿದ್ದೇನೆ.

ವಿಕಿಪೀಡಿಯ ನಿಮಗೆಲ್ಲ ಗೊತ್ತು. ಅದರ ಒಡಹುಟ್ಟು ವಿಕಿವಾಯೇಜ್. ಪ್ರವಾಸಿಗರಿಗಾಗಿ ಜನರೇ ಕೂಡಿ ಅಂತರ್ಜಾಲದಲ್ಲಿ ಬರೆಯುವ ಕೈಪಿಡಿ. ಇಂಥದೊಂದು ಕೈಪಿಡಿ 2003ರಲ್ಲಿ ವಿಕಿಟ್ರಾವೆಲ್ ಎಂಬ ಹೆಸರಿನಲ್ಲಿ ಶುರುವಾಗಿತ್ತು. 2006ರಲ್ಲಿ ಅದು ಒಂದು ಕಂಪನಿಯ ಕೈಸೇರಿತು. ಬರೆಯುತ್ತಿದ್ದವರಲ್ಲಿ ಹಲವರು ಒಪ್ಪದೆ ಹೊರನಡೆದರು. ಬರಹ ಮುಕ್ತ ಪರವಾನಗಿಯಲ್ಲಿತ್ತು, ಹೊತ್ತು ತಂದರು! 2013ರ ಜನವರಿ 15ರಂದು ವಿಕಿವಾಯೇಜ್ ವಿಕಿಮೀಡಿಯದ ಆಸರೆಯಲ್ಲಿ ಅಧಿಕೃತವಾಗಿ ಆರಂಭವಾಯಿತು.

ಹಿಂದಿಯಲ್ಲಿ ಅದಿದೆ. ಬಂಗಾಳಿಯಲ್ಲಿದೆ. ಕನ್ನಡದಲ್ಲಿ? ಇನ್ನೂ ಇಲ್ಲ! ಯಾರನ್ನು ಬೈಯೋಣ? ಇಲ್ಲಿ ನಮಗೆ ಬಾಗಿಲು ಮುಚ್ಚಿದವರು ಯಾರೂ ಇಲ್ಲ. ಹೊಸ ಭಾಷೆಯ ಆವೃತ್ತಿ ಮೊದಲು ವಿಕಿಮೀಡಿಯ ಇನ್‌ಕ್ಯುಬೇಟರ್ ಎಂಬಲ್ಲಿ ಸಸಿಯಾಗಿ ಬೆಳೆಯಬೇಕು. ನಾಲ್ಕಾರು ಜನ ತಿಂಗಳುಗಟ್ಟಲೆ ಬಿಡದೆ ಬರೆಯಬೇಕು. ನವೆಂಬರ್ ಒಂದರ ಉತ್ಸಾಹ ಸಾಲದು. ಕನ್ನಡವನ್ನಷ್ಟೇ ಓದಬಲ್ಲ ರಾಯಚೂರಿನ ರೈತ ಕಾಶಿಗೆ ಹೊರಟರೆ, ಕಲಬುರಗಿಯ ಹುಡುಗಿ ಕೆಲಸ ಹುಡುಕಿ ಬೆಂಗಳೂರಿಗೆ ಬಂದರೆ, ದಾರಿ ಹೇಳುವವರು ಯಾರು? ಯೋಚಿಸಿ.

ಹೇಗೆ ಬರೆಯಬೇಕು? ಜಾಹೀರಾತಿನ ಕರಪತ್ರದಲ್ಲಿ ಎಲ್ಲವೂ 'ಅತ್ಯುತ್ತಮ', ಎಲ್ಲವೂ 'ಅದ್ವಿತೀಯ'. ಜನ ಓದಿ ಅಲ್ಲೇ ಎಸೆಯುತ್ತಾರೆ. ಲಗ್ನಪತ್ರಿಕೆಯನ್ನು ಮಾತ್ರ ಜೋಪಾನವಾಗಿಡುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಛತ್ರ ಎಂಬುದು ಅದರಲ್ಲಿದೆ. ಪ್ರವಾಸಿ ಕೈಪಿಡಿ ಲಗ್ನಪತ್ರಿಕೆಯ ಹಾಗಿರಬೇಕು.

ಶ್ರವಣಬೆಳಗೊಳವನ್ನೇ ತೆಗೆದುಕೊಳ್ಳಿ. 'ನೋಡಲು ಎರಡು ಕಣ್ಣು ಸಾಲದು' ಎಂದು ಬರೆದರೆ, ಅಜ್ಜಿಯನ್ನು ಕರೆದುಕೊಂಡು ಹೊರಟವನಿಗೆ ಸಿಕ್ಕಿದ್ದೇನು? ಹೀಗೆ ಬರೆಯಿರಿ: ವಿಂಧ್ಯಗಿರಿಗೆ ಬಂಡೆಯಲ್ಲೇ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು. ಬೇಸಿಗೆಯ ಮಧ್ಯಾಹ್ನ ಬಂಡೆ ಕಾಲು ಸುಡುತ್ತದೆ, ಬೆಳಗ್ಗೆಯೇ ಹತ್ತಿ. ಬಸ್ಸಿನವರು ಚನ್ನರಾಯಪಟ್ಟಣದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬಹುದು. ಬೆಂಗಳೂರು-ಹಾಸನ ಮಾರ್ಗದಲ್ಲಿ ರೈಲು ನಿಲ್ದಾಣವೂ ಇದೆ. ಹತ್ತಲಾರದವರಿಗೆ ಡೋಲಿ ಸಿಗುತ್ತದೆಯೇ, ದರವೆಷ್ಟು, ಅಲ್ಲೇ ಹೋಗಿ ಕೇಳಿ ಬರೆಯಿರಿ. ಚಾವುಂಡರಾಯನ ಚರಿತ್ರೆಗೆ ಇಲ್ಲಿ ಎರಡು ಸಾಲು ಸಾಕು. ಉಳಿದದ್ದಕ್ಕೆ ವಿಕಿಪೀಡಿಯ ಇದೆ.

ಪ್ರತಿ ಊರಿಗೂ ಒಂದೇ ಕ್ರಮ: ಊರಿನ ಪರಿಚಯ, ತಲುಪುವ ಬಗೆ, ಓಡಾಟ, ನೋಡುವುದು, ಮಾಡುವುದು, ಕೊಳ್ಳುವುದು, ಊಟ, ವಸತಿ, ಎಚ್ಚರಿಕೆ, ಮುಂದಿನ ಊರು. ವಿಕಿಪೀಡಿಯ ಪುಸ್ತಕದ ಆಧಾರ ಕೇಳುತ್ತದೆ. ಇಲ್ಲಿ ನೀವು ಕಣ್ಣಾರೆ ಕಂಡದ್ದೇ ಬಂಡವಾಳ. ಆದರೆ ಸೋದರಮಾವನ ಹೋಟೆಲನ್ನು ಹೊಗಳಬೇಡಿ, ಯಾರಾದರೂ ಅಳಿಸುತ್ತಾರೆ. ಬಾಗಿಲು ತೆರೆಯುವ ಹೊತ್ತು, ದರ, ವಿಳಾಸ ಬರೆಯಿರಿ. ಬೇರೆಯವರ ಪುಸ್ತಕದಿಂದ ಒಂದು ಸಾಲನ್ನೂ ಎತ್ತಬೇಡಿ.

ನೀವು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಸಿಟ್ಟಾಗಬೇಡಿ. ಚರ್ಚಾಪುಟವಿದೆ, ಅಲ್ಲಿ ಮಾತಾಡಿ. ಅಚ್ಚಿನ ಮನೆಯಲ್ಲಿ ಸಾವಿರ ಪ್ರತಿ ಹೊರಬಿದ್ದ ಮೇಲೆ ತಪ್ಪು ತಪ್ಪೇ. ಅಲ್ಲಿ ಹಾಗಲ್ಲ. ಪ್ರತಿಯೊಂದು ತಿದ್ದುಪಡಿಯೂ 'ಇತಿಹಾಸ'ದಲ್ಲಿ ಉಳಿದಿರುತ್ತದೆ, ಹಿಂದಿನದನ್ನು ಮರಳಿ ತರಬಹುದು. ಹೊಸಬರ ಕೈ ಪಳಗಲು 'ಪ್ರಯೋಗಪುಟ'ವೂ ಇದೆ.

ವೃತ್ತಿಯವನಾಗಿ ಇನ್ನೊಂದು ಮಾತು. ಡಿಟಿಪಿಯವರು ಬಳಸುವ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಅಲ್ಲಿ ಕನ್ನಡ ಕಾಣುವುದಿಲ್ಲ, ಗೀಚಿದಂತೆ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ. ನಿಮ್ಮ ಮೊಬೈಲಿನ ಕನ್ನಡ ಕೀಲಿಮಣೆ ಯೂನಿಕೋಡೇ.

ಹಂಪಿ, ಬಾದಾಮಿಗಳಿಂದಲೇ ಶುರುಮಾಡಬೇಕೆಂದಿಲ್ಲ. ನಿಮ್ಮ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಹೋಗಿ. ಕೊನೆಯ ಬಸ್ಸು ಎಷ್ಟು ಗಂಟೆಗೆ? ರಾತ್ರಿ ಊಟ ಎಲ್ಲಿ? ಹೆಣ್ಣುಮಗಳೊಬ್ಬಳು ನಿರ್ಭಯವಾಗಿ ತಂಗಬಹುದಾದ ಜಾಗ ಯಾವುದು? ಈ ಮೂರು ಬರೆದರೂ ಸಾಕು. ಈ ಭಾನುವಾರವೇ ಹೊರಡಿ!