ಅತ್ತೆಯವರ ವೀಣೆ, ನನ್ನ ರಾಸ್ಪ್‌ಬೆರಿ ಪೈ

ಅಡುಗೆಯ ಬಗ್ಗೆ ಮಾತಾಡ್ತೀನಿ ಅಂದುಕೊಂಡಿದ್ದರೆ ಕ್ಷಮಿಸಿ, ಇವತ್ತಿನ ವಿಷಯ ಲಿನಕ್ಸ್.

ನಮ್ಮ ಅತ್ತೆಯವರಿಗೆ ಎಪ್ಪತ್ತಾರು ವರ್ಷ. ಕಿವಿ ಮಂದವಾಗಿದೆ, ಅದರಲ್ಲೂ ತಾರಸ್ಥಾಯಿ ಸರಿಯಾಗಿ ಕೇಳಿಸುವುದಿಲ್ಲ. ಬರೀ ಆಂಪ್ಲಿಫೈಯರ್ ಇಟ್ಟರೆ ಮಂದ್ರವೂ ಜೋರಾಗಿ ತಲೆನೋವು. ಹಾಗಾಗಿ ವೀಣೆಗೆ ಪಿಕಪ್ ಅಂಟಿಸಿ, ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ರಾಸ್ಪ್‌ಬೆರಿ ಪೈ 4ಕ್ಕೆ ಕೊಟ್ಟೆ. ಮೇಲಿನ ಸ್ವರಗಳನ್ನಷ್ಟೇ ಎತ್ತಿ ಹೆಡ್‌ಫೋನಿಗೆ ಕಳಿಸುವ ಯೋಜನೆ.

ಎರಡೇ ದಿನಕ್ಕೆ ಅತ್ತೆ ವೀಣೆಗೆ ಬಟ್ಟೆ ಹೊದಿಸಿಬಿಟ್ಟರು. "ನನ್ನ ಕೈಯೇ ತಡವಾಗ್ತಿದೆ ಕಣೇ. ಸಾಕು ಇನ್ನು."

ಕೈ ತಡವಾಗಿರಲಿಲ್ಲ. ತಡವಾಗಿದ್ದು ನನ್ನ ಪೆಟ್ಟಿಗೆ. ಕಂಪ್ಯೂಟರ್ ಧ್ವನಿಯನ್ನು ಕಂತು ಕಂತಾಗಿ ಕೊಡುತ್ತದೆ. ಹತ್ತು ದೋಸೆ ಪೇರಿಸಿ ತಂದರೆ ತಟ್ಟೆ ಖಾಲಿಯಾಗೋದಿಲ್ಲ, ಆದರೆ ಕೂತವರು ಕಾಯಬೇಕು. ಒಂದೊಂದೇ ತಂದರೆ ಬಿಸಿ ಬಿಸಿ, ಆದರೆ ಒಲೆ ಹತ್ತಿರ ಒಂದು ಕ್ಷಣ ಮೈಮರೆತರೂ ತಟ್ಟೆ ಖಾಲಿ, ಹೆಡ್‌ಫೋನಿನಲ್ಲಿ ಚಟ್ ಅನ್ನುವ ಸದ್ದು. ನನ್ನ ಕಂತು 1024 ಸ್ಯಾಂಪಲ್‌ನದು. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಒಂದೊಂದಕ್ಕೂ 21 ಮಿಲಿಸೆಕೆಂಡ್, ಅಂಥ ಮೂರು ನಾಲ್ಕು ಸಾಲಾಗಿ ನಿಂತಿದ್ದವು. ಮೀಟಿದ ಮೇಲೆ ಅಷ್ಟು ಹೊತ್ತು ಬಿಟ್ಟು ಸ್ವರ ಕೇಳಿದರೆ ಯಾರ ಕೈ ತಾನೇ ನಂಬಿಕೆ ಕಳಕೊಳ್ಳುವುದಿಲ್ಲ?

ಜ್ಯಾಕ್ ಅನ್ನುವ ತಂತ್ರಾಂಶ ಹಾಕಿ ಕಂತನ್ನು 128ಕ್ಕೆ ಇಳಿಸಿದೆ. ಚಟಪಟ ಶುರುವಾಯಿತು. ಧ್ವನಿಯ ಕೆಲಸಕ್ಕೆ ಮೊದಲ ಆದ್ಯತೆ ಸಿಗುವಂತೆ ಆಡಿಯೋ ಗುಂಪಿಗೆ ರಿಯಲ್‌ಟೈಮ್ ಅನುಮತಿ ಕೊಟ್ಟೆ. ಕೆಲಸ ಕಡಿಮೆಯಾದಾಗ ಪ್ರೊಸೆಸರ್ ನಿಧಾನವಾಗುವ ಅಭ್ಯಾಸ ಬಿಡಿಸಿ ಪರ್ಫಾರ್ಮೆನ್ಸ್ ಗವರ್ನರ್‌ನಲ್ಲಿಟ್ಟೆ. ವೈಫೈ ನಿಲ್ಲಿಸಿದೆ. ಆದರೂ ಆಗಾಗ ಚಟ್! ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ನಾನು ಹಾಕಿದ್ದು ಹಳೆಯ ಮೊಬೈಲ್ ಚಾರ್ಜರ್. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ವಿದ್ಯುತ್ ಸಾಲದಿದ್ದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. (ಮನೆಯ ಇಂಜಿನಿಯರಿಗೆ ಇದು ಹೊಳೆಯಲಿಲ್ಲ ಅನ್ನುವುದನ್ನೂ ಹೇಳಿಬಿಡ್ತೀನಿ. ಆ ಇಂಜಿನಿಯರ್ ನಾನೇ.) ರಿಯಲ್‌ಟೈಮ್ ಕರ್ನಲ್ ಸೌಲಭ್ಯ 2024ರಲ್ಲಿ ಲಿನಕ್ಸ್ 6.12ರ ಮುಖ್ಯ ಆವೃತ್ತಿಗೇ ಸೇರಿದೆ. ನನಗೆ ಅದರ ಅಗತ್ಯ ಬೀಳಲಿಲ್ಲ.

ಸೌಂಡ್ ಕಾರ್ಡಿನ ಔಟ್‌ಪುಟ್ಟನ್ನು ವೈರಿನಲ್ಲಿ ಇನ್‌ಪುಟ್ಟಿಗೇ ಜೋಡಿಸಿ ಅಳೆದೆ. ಸುಮಾರು 12 ಮಿಲಿಸೆಕೆಂಡ್. ನಾಲ್ಕು ಮೀಟರ್ ದೂರ ಕೂತವರ ವೀಣೆ ನಮ್ಮ ಕಿವಿಗೆ ತಲುಪುವಷ್ಟು ಹೊತ್ತು.

ಅತ್ತೆಯನ್ನು ಒಪ್ಪಿಸೋದು ಇದೆಲ್ಲಕ್ಕಿಂತ ಕಷ್ಟವಾಯಿತು. ಕೊನೆಗೆ ಒಂದು ಸಂಜೆ, ನನ್ನ ಮುಖ ನೋಡಿ ಹೋಗಲಿ ಅಂತ ಕೂತರು. ಸರಳೆ ವರಸೆ ನುಡಿಸಿದರು, ಮೂರನೇ ಕಾಲದಲ್ಲಿ ಇನ್ನೊಮ್ಮೆ ನುಡಿಸಿದರು. ಹೆಡ್‌ಫೋನ್ ತೆಗೆಯದೆಯೇ ಜೋರಾಗಿ ಹೇಳಿದರು:

"ಸಾರಣಿ ತಂತಿ ಹಳತಾಗಿದೆ ಕಣೇ. ಮೈಸೂರಿಂದ ತರಿಸು."