ಇಲಿಗೆ ಕೇಳಿಸಿತೇ?

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಇಲಿಗೆ ಶಬ್ದ ಕೇಳಿಸಿತೋ ಇಲ್ಲವೋ ತಿಳಿಯುವುದು ಹೇಗೆ? ಅದು ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಕಿವುಡುತನದ ಸಂಶೋಧನೆಗೆ ಅದು ಬೇಕು. ಪ್ರಯೋಗಾಲಯದಲ್ಲಿ ಹೆಚ್ಚು ಬಳಸುವ ಕಪ್ಪು ಸುಂಡಿಲಿಯ ತಳಿಯೊಂದು ವಯಸ್ಸಾದಂತೆ ಕಿವುಡಾಗುತ್ತದೆ. ಅದಕ್ಕೆ ಕಾರಣವಾದ ಜೀನು ಮನುಷ್ಯರಲ್ಲಿ ಕೆಟ್ಟರೆ ಮಗು ಹುಟ್ಟುಕಿವುಡಾಗಬಹುದು.

ಹೀಗಾಗಿ ಇಲಿಗೆ ಪಾಠ ಕಲಿಸುತ್ತಾರೆ. ಬಾಯಾರಿದ ಇಲಿಯನ್ನು ಪೆಟ್ಟಿಗೆಯಲ್ಲಿ ಬಿಡುತ್ತಾರೆ. ಶಬ್ದ ಬಂದಾಗ ನಳಿಗೆ ನೆಕ್ಕಿದರೆ ಒಂದು ಹನಿ ನೀರು. ಶಬ್ದವಿಲ್ಲದಾಗ ನೆಕ್ಕಿದರೆ ನೀರಿಲ್ಲ, ಕೆಲವು ಸೆಕೆಂಡು ಕಾಯುವ ಶಿಕ್ಷೆ. ಆಮೇಲೆ ಶಬ್ದವನ್ನು ಮೆಲ್ಲಮೆಲ್ಲಗೆ ತಗ್ಗಿಸುತ್ತಾರೆ. ನೀರಿನ ಆಸೆ ತೋರಿಸಿ ಉತ್ತರ ಪಡೆಯುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ರಾಘವ್ ರಾಜನ್, ಜೇಮ್ಸ್ ಕ್ಲೆಮೆಂಟ್, ಉಪಿಂದರ್ ಭಲ್ಲಾ ಅವರು 2006ರಲ್ಲಿ, ವಾಸನೆ ಎಡದಿಂದ ಬಂತೋ ಬಲದಿಂದಲೋ ಎಂಬುದನ್ನು ಇಲಿಗಳು ಒಂದೆರಡು ಸಲ ಮೂಸಿಯೇ ತಿಳಿಯುತ್ತವೆ ಎಂದು ತೋರಿಸಿದರು. ಅಲ್ಲಿ ಮೂಗು, ಇಲ್ಲಿ ಕಿವಿ, ಅಷ್ಟೇ.

ಈ ಪಾಠವನ್ನು ಈಗ ಕಂಪ್ಯೂಟರಿಗೇ ಒಪ್ಪಿಸುತ್ತಿದ್ದಾರೆ. ಶಬ್ದ ಹೊರಡಿಸುವುದು, ನೆಕ್ಕಿದ್ದನ್ನು ಎಣಿಸುವುದು, ಹನಿ ಬಿಡುವುದು, ಬರೆದಿಡುವುದು ಎಲ್ಲವೂ ಅದರದೇ. ಇಲಿ ಎಚ್ಚರವಾಗಿರುವುದು ರಾತ್ರಿ, ಕಂಪ್ಯೂಟರಿಗೆ ನಿದ್ದೆಯಿಲ್ಲ. ಅದಕ್ಕಿಂತ ದೊಡ್ಡ ಲಾಭ, ಅದಕ್ಕೆ ಮುಖವಿಲ್ಲ. ಜರ್ಮನಿಯಲ್ಲಿ ಲೆಕ್ಕ ಮಾಡುತ್ತದೆಂದು ಹೆಸರಾದ ಹಾನ್ಸ್ ಎಂಬ ಕುದುರೆಯಿತ್ತು. ಅದು ಲೆಕ್ಕ ಮಾಡುತ್ತಿರಲಿಲ್ಲ, ಕೇಳುವವರ ತಲೆಯ ಸಣ್ಣ ಅಲುಗಾಟ ನೋಡಿ ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತು ಎಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಪ್ರಕಟಿಸಿದರು.

ಮೇಷ್ಟ್ರುಗಳಾದ ನಾವು ಹೀಗೆ ಎಷ್ಟು ಉತ್ತರಗಳನ್ನು ಮುಖದಿಂದಲೇ ಹೇಳಿಕೊಡುತ್ತೇವೋ! ಕಿವಿ ಮಂದವಾದ ಮಗು ನಮ್ಮ ತುಟಿ ನೋಡುತ್ತದೆ, ಪಕ್ಕದವನು ತೆರೆದ ಪುಟ ತೆರೆಯುತ್ತದೆ, ಎಲ್ಲದಕ್ಕೂ "ಹೌದು ಸರ್" ಎನ್ನುತ್ತದೆ. ನಾವು ಬೋರ್ಡಿನ ಕಡೆ ತಿರುಗಿದೊಡನೆ ತಪ್ಪುತ್ತದೆ. ಆಗ ದಡ್ಡ ಎನ್ನುತ್ತೇವೆ. ಎತ್ತರದ ಸ್ವರಗಳು ಕೇಳದವರಿಗೆ ಸ, ಶ, ಫ ಮೊದಲು ಕೈಕೊಡುತ್ತವೆ. ಉರ್ದು ಇಮ್ಲಾದಲ್ಲಾಗಲಿ ಕನ್ನಡ ಉಕ್ತಲೇಖನದಲ್ಲಾಗಲಿ ಇವೇ ಅಕ್ಷರಗಳು ಮತ್ತೆ ಮತ್ತೆ ತಪ್ಪಿದರೆ ಕೆಂಪು ಗೆರೆ ಎಳೆಯುವ ಮುನ್ನ ಮಗುವಿನ ಹಿಂದೆ ನಿಂತು ಮೆಲ್ಲನೆ ಹೆಸರು ಕರೆಯಿರಿ. ನಡುನಡುವೆ ಸುಮ್ಮನಿರಿ. ಕರೆಯದಿದ್ದಾಗಲೂ ಕೈ ಎತ್ತಿದರೆ ಅದು ಊಹೆ.

ಇದು ವೈದ್ಯರ ಪರೀಕ್ಷೆಯಲ್ಲ. ಅನುಮಾನ ಬಂದರೆ ಪಾಲಕರನ್ನು ಕರೆಸಿ, ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ. ಹೆಚ್ಚಿನ ತಪಾಸಣೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಸೋರುವ ಕಿವಿಗೆ ಕಾಯಿಸಿದ ಎಣ್ಣೆ ಹಾಕಬೇಡಿ ಎಂದು ತಾಯಂದಿರಿಗೂ ಹೇಳಿ.